ಅಮ್ಮನ ಸೊಂಟಕ್ಕೆ ಹರಳೆಣ್ಣೆ

ತಿಂಗಳಿಗೆ ಮೂರು ದಿನ ಅಮ್ಮ ಹಿತ್ತಲ ಜಗಲಿಯಲ್ಲಿ ಚಾಪೆಯ ಮೇಲೆ ಮುದುಡಿಕೊಂಡು ಬಿದ್ದಿರುತ್ತಿದ್ದಳು. ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ನಮ್ಮ ಮನೆಯಲ್ಲಿ ಹೊರಗಾದವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಊಟದ ತಟ್ಟೆಯನ್ನೂ ದೂರದಿಂದಲೇ ಸರಿಸುತ್ತಿದ್ದಳು. ಅಮ್ಮನಿಗೋ ಸೊಂಟ ಕಿತ್ತು ಬರುವಂಥ ನೋವು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಐದು ನಿಮಿಷದಲ್ಲಿ ವಾಂತಿ. ಸೆರಗು ಕಚ್ಚಿಕೊಂಡು ಮಲಗುತ್ತಿದ್ದಳು. ನಾನು ಹೊಸಿಲಿನ ಒಳಗೆ ನಿಂತು ನೋಡುತ್ತಿದ್ದೆ. ನೋಡುವುದು ಬಿಟ್ಟರೆ ನನ್ನ ಕೈಲಿ ಏನೂ ಆಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಉರ್ದು ಮಾತಾಡುವ ಕುಟುಂಬವಿತ್ತು. ಆ ಮನೆಯ ಯಜಮಾನಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಬಾಣಂತಿಯರಿಗೆ ಎಣ್ಣೆ ನೀವುವುದರಲ್ಲಿ ಅವರದು ಪಳಗಿದ ಕೈ. ಅವರನ್ನು ಕರೆಸೋಣ ಎಂದು ನಾನು ಅಂದದ್ದಕ್ಕೆ ಅಜ್ಜಿ ಕೆಂಡಾಮಂಡಲವಾದಳು. ಕೊನೆಗೆ ಖಾಲಾ ತಮ್ಮ ಮಗಳನ್ನೇ ಬೋರಲು ಮಲಗಿಸಿ ನನಗೆ ತೋರಿಸಿಕೊಟ್ಟರು. ಹರಳೆಣ್ಣೆ ಬೆಚ್ಚಗಿರಬೇಕು. ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಕೆಳಗಿಳಿಯಬೇಕು, ಆಮೇಲೆ ಕಿಬ್ಬೊಟ್ಟೆಯ ಮೇಲೆ ಅಂಗೈಯನ್ನು ಸುತ್ತ ಆಡಿಸಬೇಕು. ಕಲಿತೆ. ಕಲಿತು ಮಾಡುವುದೇನು? ಯಾವ ದಿನ ಕೈ ಬೇಕೋ ಆ ದಿನವೇ ಕೈ ಹಾಕುವಂತಿಲ್ಲ.

ಆದರೆ ಹೊರಗಾದವರನ್ನು ಹೊರಗಾದವರು ಮುಟ್ಟಬಹುದಿತ್ತು. ಅದಕ್ಕೇ ಬೇಗ ದೊಡ್ಡವಳಾಗಬೇಕೆಂದು ದೇವರಿಗೆ ಕೈಮುಗಿದ ಹುಡುಗಿ ನಾನು. ಹದಿಮೂರಕ್ಕೆ ಆದೆ. ಆದರೇನು, ಅಮ್ಮನ ದಿನಗಳು ತಿಂಗಳ ಆ ಕೊನೆ, ನನ್ನವು ಈ ಕೊನೆ. ವರ್ಷದಲ್ಲಿ ಒಂದೇ ಒಂದು ಸಲ ಇಬ್ಬರೂ ಜಗಲಿಯಲ್ಲಿ ಒಟ್ಟಿಗೆ ಸಿಕ್ಕೆವು. ಖಾಲಾ ಹೇಳಿದಂತೆಯೇ ನೀವಿದೆ. ಕಚ್ಚಿಕೊಂಡಿದ್ದ ಸೆರಗು ಅಮ್ಮನ ಬಾಯಿಂದ ತಾನಾಗಿ ಜಾರಿತು.

"ನಮ್ಮಮ್ಮ ಹೋದ್ಮೇಲೆ ನನ್ ಬೆನ್ನಿಗೆ ಯಾರೂ ಕೈ ಹಾಕಿರ್ಲಿಲ್ಲ ಕಣೆ" ಎಂದವಳು ಹಾಗೇ ನಿದ್ದೆಹೋದಳು. ನನಗೆ ಅಳು ಬಂತು.

ಮುಂದಿನ ತಿಂಗಳು ಸುಳ್ಳು ಹೇಳಿದೆ. ಅಮ್ಮ ಹೊರಗಾದ ದಿನವೇ ನಾನೂ ಆಗಿದ್ದೇನೆಂದು ಚಾಪೆ ಎತ್ತಿಕೊಂಡು ಹೊರಟೆ. ನಿಜವೇನೆ ಎಂದು ಅಮ್ಮ ಕೇಳಿದಾಗ ಅವಳಿಗೂ ಹೌದೆಂದೆ. ನನ್ನ ನಿಜವಾದ ದಿನಗಳು ಬಂದಾಗ ಬಾಯಿ ಮುಚ್ಚಿಕೊಂಡು ಅಡುಗೆಮನೆ, ದೇವರಮನೆಯಲ್ಲೆಲ್ಲ ಓಡಾಡಿದೆ. ದೇವರು ಕಣ್ಣು ಕಿತ್ತುಕೊಳ್ಳುತ್ತಾನೆಂದು ಹೆದರಿದ್ದೆ. ಏನೂ ಆಗಲಿಲ್ಲ, ಧೈರ್ಯ ಬಂತು. ಹೀಗೇ ಎರಡು ತಿಂಗಳು ನಡೆಯಿತು. ಮೂರನೆಯ ತಿಂಗಳು ಒಗ್ಗರಣೆ ಹಾಕುತ್ತಿದ್ದಾಗ ನನ್ನ ಲಂಗದ ಹಿಂದಿನ ಕಲೆ ಅಜ್ಜಿಯ ಕಣ್ಣಿಗೆ ಬಿತ್ತು.

ಅಜ್ಜಿ ನನ್ನನ್ನು ಬೈದಿದ್ದರೆ ಸಹಿಸುತ್ತಿದ್ದೆ. ಬೈದದ್ದು ಅಮ್ಮನನ್ನು. ತನ್ನ ಸುಖಕ್ಕೆ ಮಗಳಿಗೆ ಸುಳ್ಳು ಹೇಳಿಕೊಟ್ಟು ಮನೆಯನ್ನೇ ಮೈಲಿಗೆ ಮಾಡಿಸಿದವಳು ಎಂದು ದಿನವಿಡೀ ಅಂದಳು. ವರ್ಷದ ಉಪ್ಪಿನಕಾಯಿ ತಿಪ್ಪೆ ಸೇರಿತು. ಇಡೀ ಮನೆ ತೊಳೆದದ್ದು ಅಮ್ಮ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಆ ಸಿಟ್ಟು ನನಗೆ ಈಗಲೂ ಆರಿಲ್ಲ. ಅಮ್ಮನಿಗೇನೂ ಗೊತ್ತಿರಲಿಲ್ಲ ಎಂದು ನಾನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮ ನನ್ನ ಕಡೆ ನೋಡಲೇ ಇಲ್ಲ.

ಐದಾರು ತಿಂಗಳ ಮೇಲೆ ನಮ್ಮ ದಿನಗಳು ನಿಜವಾಗಿಯೂ ಕೂಡಿಬಂದವು. ಬಟ್ಟಲನ್ನು ಬಿಸಿಲಿಗಿಟ್ಟು ಎಣ್ಣೆ ಬೆಚ್ಚಗೆ ಮಾಡಿಕೊಂಡು ಹತ್ತಿರ ಹೋದೆ. ಅಮ್ಮ ಗೋಡೆಗೆ ಒತ್ತಿಕೊಂಡಳು.

"ನಿಜವಾಗ್ಲೂ ಆಗಿದೀಯಾ?"

"ನಿನ್ನಾಣೆ ಕಣಮ್ಮ."

"ಬೇಡ ಮಗಳೇ, ಅಲ್ಲೇ ಕೂತ್ಕೋ. ಇನ್ನೊಂದ್ಸಲ ಬೈಸ್ಕೊಳ್ಳಕ್ಕೆ ನನ್ಗೆ ಆಗಲ್ಲ."

ಬಟ್ಟೆ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲು ನನಗೆ ನಾಚಿಕೆ, ಕೇಳಲು ಅವಳಿಗೆ ನಾಚಿಕೆ. ಆ ಮೂರು ದಿನವೂ ಅಮ್ಮ ಗೋಡೆಯ ಕಡೆ ತಿರುಗಿ ನರಳಿದಳು. ಎರಡು ಮಾರು ದೂರದಲ್ಲಿ, ಅದೇ ಜಗಲಿಯ ಮೇಲೆ, ನಾನು ಕೂತು ಕೇಳಿಸಿಕೊಂಡೆ.