ಪಾಳಿ ನೀರಿನ ಕಳ್ಳ

ಹದಿನಾರು ದಾಟಿದ ಮಕ್ಕಳನ್ನೂ ಕೆಲವು ಕೇಸುಗಳಲ್ಲಿ ದೊಡ್ಡವರಂತೆ ವಿಚಾರಣೆ ಮಾಡುವ ಕೇಂದ್ರದ ಕಾನೂನು ಬದಲಾಗಲಿ ಅಂತ ಸಹಿ ಕೇಳುತ್ತಾ ಶ್ರೀರಾಮನಗರಕ್ಕೆ ಹೋಗಿದ್ದೆ. ಕಟ್ಟೆ ಮೇಲೆ ಕೂತಿದ್ದ ಯಜಮಾನರು ಅರ್ಜಿಯನ್ನು ಮುಟ್ಟಲೂ ಇಲ್ಲ.

“ತಪ್ಪು ಮಾಡಿದವರು ಸಣ್ಣವರಾದ್ರೇನು, ದೊಡ್ಡವರಾದ್ರೇನು? ಒಳಗ ಹಾಕ್ಬೇಕ್ರಿ!”

ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ಮೊರ ಕೆಳಗಿಟ್ಟು ಗಂಡನತ್ತ ತಿರುಗಿದರು.

“ಹದಿನೇಳು ವರ್ಷದವರಿದ್ದಾಗ ನಮ್ಮಪ್ಪನ ಪಾಳಿಯ ಕಾಲುವಿ ನೀರು ನಿಮ್ಮ ಹೊಲಕ್ಕ ತಿರುವಿಕೊಂಡು ಸಿಕ್ಕಿಬಿದ್ದೋರು ಯಾರ್ರಿ? ನಮ್ಮಪ್ಪ ಪೊಲೀಸರನ್ನ ಕರೆದನೇನು? ಸುಗ್ಗಿತನಕ ನಮ್ಮ ಹೊಲಕ್ಕ ನೀರು ಹಾಯಿಸಾಕ ಹಚ್ಚಿದ. ಹುಡುಗ ಛಲೋ ಅದಾನ ಅಂತ ಮುಂದ ನನ್ನನ್ನೂ ಕೊಟ್ಟ!”

ಯಜಮಾನರು ನಗು ತಡೆಯಲಾರದೆ ಪೆನ್ನಿಗೆ ಕೈಚಾಚಿದರು.

ಸುಧಾರಿಸಿದವರಿಗೆ ಮಗಳನ್ನು ಕೊಡುವ ಕಲಮನ್ನು ಮಾತ್ರ ನಾನು ಅರ್ಜಿಗೆ ಸೇರಿಸಲಿಲ್ಲ. ದೆಹಲಿಯವರು ಗಾಬರಿಯಾದಾರು.