ಕೆಂಪು ಕಂಡರೆ ಒತ್ತುವ ಹೆಬ್ಬೆರಳು

ನಾನು ಮೂವತ್ತೊಂದು ವರ್ಷ ರೈಲು ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಕೆಂಪು ಸಿಗ್ನಲ್ ದಾಟಿಲ್ಲ. ಈ ಮಾತನ್ನು ಮದುವೆ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ, ಶಹಾಬಾದಿಗೆ ಹೋಗುವ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ನಾನು ಬಾಯಿ ತೆರೆದ ಕೂಡಲೇ ನನ್ನ ಹೆಂಡತಿ ಎದ್ದು ಚಹಾ ಇಡಲು ಹೋಗುತ್ತಾಳೆ. ಮನೆಗೆ ಬಂದವರಿಗೆ ಹೇಗೂ ಚಹಾ ಸಿಗುವುದರಿಂದ ಇದುವರೆಗೆ ಯಾರೂ ನನ್ನನ್ನು ತಡೆದಿಲ್ಲ.

ಇಂಜಿನ್ನಿನಲ್ಲಿ ಕೂತವರಿಗೆ ಎರಡು ಅಭ್ಯಾಸಗಳು ಮೈಗೆ ಹತ್ತುತ್ತವೆ. ಒಂದು, ಎಚ್ಚರಿಕೆಯ ಗುಂಡಿ. ಒಂದು ನಿಮಿಷ ಚಾಲಕ ಏನನ್ನೂ ಮುಟ್ಟದೆ ಕೂತರೆ ಎದುರಿಗೆ ದೀಪ ಮಿನುಗುತ್ತದೆ, ಆಮೇಲೆ ಗಂಟೆ ಕಿರುಚುತ್ತದೆ. ಆಗ ಗುಂಡಿ ಒತ್ತಿ ‘ಎಚ್ಚರ ಇದ್ದೇನೆ’ ಎಂದು ತಿಳಿಸಬೇಕು. ಒತ್ತದಿದ್ದರೆ ಚಾಲಕ ನಿದ್ದೆ ಹೋಗಿದ್ದಾನೆಂದು ತಿಳಿದು ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಇನ್ನೊಂದು, ಸಿಗ್ನಲ್ ಕೂಗುವುದು. ದೂರದಲ್ಲಿ ಸಿಗ್ನಲ್ ಕಂಡ ಕೂಡಲೇ ಒಬ್ಬರು ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ನಮ್ಮ ಕಡೆ ಎಲ್ಲ ಭಾಷೆಯವರೂ ಕೂಡಿ ಕೆಲಸ ಮಾಡುವುದರಿಂದ ಹಸಿರು, ಹಳದಿ, ಕೆಂಪಿಗೆ ಹಿಂದಿಯ ‘ಹರಾ’, ‘ಪೀಲಾ’, ‘ಲಾಲ್’ ಎಂದೇ ಕೂಗುತ್ತಿದ್ದೆವು. ಒಬ್ಬನ ಕಣ್ಣು ಮೋಸ ಹೋದರೂ ಇಬ್ಬರದೂ ಹೋಗುವುದಿಲ್ಲ ಎಂಬ ನಂಬಿಕೆ.

ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಎರಡನೆಯ ಅಭ್ಯಾಸವನ್ನು ಇಂಜಿನ್ನಿನಲ್ಲೇ ಬಿಟ್ಟು, ಮೊದಲನೆಯದನ್ನು ಹೆಬ್ಬೆರಳಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ನನ್ನ ಅನಾಹುತವೆಲ್ಲ ಇಷ್ಟರಲ್ಲೇ ಇದೆ.

ಮನೆಗೆ ಬಂದರೆ ಅಲ್ಲಿ ಹೆಂಡತಿಯ ಕಾರುಬಾರು ಶುರುವಾಗಿತ್ತು. ಅವಳ ಕೈಯ ಜೋಳದ ರೊಟ್ಟಿ ಮೊದಲಿಂದಲೂ ಹೆಸರಾದದ್ದು. ಆದರೆ ನನ್ನ ನೌಕರಿ ಇರುವವರೆಗೆ ಆ ರೊಟ್ಟಿ ನನ್ನ ಬುತ್ತಿಯನ್ನು ದಾಟಿ ಹೋಗಲಿಲ್ಲ. ಡ್ಯೂಟಿಯ ಕರೆ ಯಾವ ಗಳಿಗೆಗೆ ಬರುತ್ತದೋ ತಿಳಿಯದು, ಬಂದಾಗ ಬುತ್ತಿ ಸಿದ್ಧ ಇರಬೇಕು. ಹೀಗಾಗಿ ಅವಳು ಇನ್ನೊಂದು ಕೆಲಸಕ್ಕೆ ಕೈ ಹಾಕುವಂತಿರಲಿಲ್ಲ. ನಾನು ಮನೆ ಸೇರಿದ ತಿಂಗಳೊಪ್ಪತ್ತಿನಲ್ಲೇ ಅವಳು ಓಣಿಯ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಮಾಡಿ ಕೊಡತೊಡಗಿದಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು.

ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಓದಬಲ್ಲಳು, ಬರೆಯುವುದಕ್ಕೆ ಬೇಸರ. ಅದಕ್ಕೇ ಗಿರಾಕಿಗಳಿಗೆಲ್ಲ ಫೋನಿನಲ್ಲಿ ಮಾತಾಡಿ ಕಳಿಸಿ ಎಂದು ಹೇಳಿದ್ದಳು. ಯಾವ ದಿನ, ಎಷ್ಟು ರೊಟ್ಟಿ, ತೆಳುವೋ ದಪ್ಪವೋ ಎಲ್ಲ ಅವರವರ ದನಿಯಲ್ಲೇ ಬರುತ್ತಿತ್ತು. ಸಂಜೆ ಕೈ ತೊಳೆದುಕೊಂಡು, ಪರಸಿ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದನ್ನೇ ಕೇಳುತ್ತಿದ್ದಳು. ಆ ದನಿಗಳೇ ಅವಳ ಲೆಕ್ಕದ ವಹಿ. ಮತ್ತೆ ಬೇಕಾದರೆ ಮತ್ತೆ ಕೇಳುತ್ತಿದ್ದಳು.

ನನಗೆ ಮಾಡಲು ಕೆಲಸವಿರಲಿಲ್ಲ. ಆದ್ದರಿಂದ ಆ ಫೋನಿಗೆ ನನ್ನನ್ನು ನಾನೇ ಕಾವಲುಗಾರನನ್ನಾಗಿ ನೇಮಿಸಿಕೊಂಡೆ. ಯಾರೂ ಅರ್ಜಿ ಕರೆದಿರಲಿಲ್ಲ.

ಅದೇ ಹೊತ್ತಿಗೆ ಚಿತ್ತಾಪುರದ ಹಿರಿಯ ಹೆಣ್ಣುಮಗಳೊಬ್ಬಳು ಮನೆಗೆ ಬಂದು ರೊಟ್ಟಿ ಮುರಿದು ನೋಡಿ, ಹಿಂಡಿ ನೆಕ್ಕಿ ನೋಡಿ, ಬಸುರಿ ಮಗಳ ಕುಬಸಕ್ಕೆ ಇಲ್ಲಿಂದಲೇ ರೊಟ್ಟಿ ಒಯ್ಯುವುದಾಗಿ ಹೇಳಿಹೋದಳು. ದಿನ ಗೊತ್ತಾದ ಮೇಲೆ ಎಷ್ಟು ಬೇಕೆಂದು ಫೋನಿನಲ್ಲಿ ಹೇಳಿ ಕಳಿಸುತ್ತೇನೆ ಎಂದಳು. ನಮ್ಮೂರು ವಾಡಿಯ ಹೊರಗಿನಿಂದ ಬಂದ ಮೊದಲ ದೊಡ್ಡ ಕೆಲಸ ಅದು. ಅವಳು ಹೋದ ಮೇಲೆ ನನ್ನ ಹೆಂಡತಿ ಸುಮ್ಮನೆ ಎರಡು ಸಲ ಅಂಗಳ ಗುಡಿಸಿದಳು. ಹೆಚ್ಚು ಖುಷಿಯಾದಾಗ ಅವಳು ಹಾಗೆಯೇ. ಕುಬಸದ ಮನೆಗೆ ಊರ ಹೆಂಗಸರೆಲ್ಲ ಬರುತ್ತಾರೆ, ಅವರ ಬಾಯಿಗೆ ರೊಟ್ಟಿ ಹಿಡಿಸಿದರೆ ಮುಂದೆ ಚಿತ್ತಾಪುರವೇ ತನ್ನದು ಎಂದು ಅವಳ ಲೆಕ್ಕ. ತಪ್ಪಿದರೆ ಅದೇ ಬಾಯಿಗಳು ಇನ್ನೊಂದು ಮಾತು ಹೇಳುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು.

ಒಂದು ಮುಂಜಾನೆ ಅವಳು ಹಿಟ್ಟಿಗೆ ಎಸರು ಇಡುತ್ತಿದ್ದಾಗ ಫೋನು ನನ್ನ ಕೈಯಲ್ಲಿತ್ತು. ಯಾವ ಗಾಡಿ ಎಷ್ಟು ತಡವಾಗಿ ಬರುತ್ತಿದೆ ಎಂದು ನೋಡುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ನನ್ನ ಮೇಲೆ ಈಗ ಯಾವ ಗಾಡಿಯ ಹೊಣೆಯೂ ಇಲ್ಲ, ಆದರೂ ತಡವಾದರೆ ಸಿಟ್ಟು ಬರುತ್ತದೆ. ಯಾವುದೋ ಜಾಲತಾಣ ತೆರೆದೆ. ತೆರೆದ ಕೂಡಲೇ ಅದು ಏನನ್ನೋ ಕೇಳಿತು, ‘ಅನುಮತಿಸಿ’ ಎಂಬಲ್ಲಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಪರದೆ ತುಂಬ ಕೆಂಪು. ಫೋನು ಗಡಗಡ ನಡುಗಿತು. ‘ನಿಮ್ಮ ದೂರವಾಣಿ ತೀವ್ರವಾಗಿ ಗಾಯಗೊಂಡಿದೆ! ಹದಿನೇಳು ವೈರಸ್‌ಗಳು ಒಳಗೆ ವಾಸವಿವೆ!’ ಎಂದು ಬರೆದಿತ್ತು. ಕೆಳಗೆ ಅರವತ್ತು, ಐವತ್ತೊಂಬತ್ತು, ಐವತ್ತೆಂಟು ಎಂದು ಸೆಕೆಂಡುಗಳು ಇಳಿಯುತ್ತಿದ್ದವು. ಅದರ ಕೆಳಗೆ ಒಂದು ಗುಂಡಿ ಮಿನುಗುತ್ತಿತ್ತು.

ಮಿನುಗುವ ಗುಂಡಿ, ಅರವತ್ತು ಸೆಕೆಂಡು. ನನ್ನ ತಲೆ ಯೋಚಿಸಲು ಶುರುಮಾಡುವ ಮೊದಲೇ ಹೆಬ್ಬೆರಳು ಕೆಲಸ ಮುಗಿಸಿತ್ತು.

ಅಲ್ಲಿಂದ ಮುಂದೆ ನಡೆದದ್ದು ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಕಥೆ. ಒಂದು ಗುರಾಣಿಯ ಚಿತ್ರವಿದ್ದ ಆ್ಯಪ್ ಒಳಗೆ ಬಂತು. ಅದು ತನ್ನ ತಮ್ಮನನ್ನು ಕರೆತಂದಿತು, ಅವನ ಕೆಲಸ ಫೋನಿನ ಕಸ ಗುಡಿಸುವುದಂತೆ. ಆ ತಮ್ಮ ಬ್ಯಾಟರಿ ತಂಪು ಮಾಡುವವನನ್ನು ಕರೆದ. ಮೂವರೂ ಸೇರಿ ಹೊತ್ತುಹೊತ್ತಿಗೆ ಕೆಂಪು ತೋರಿಸುವುದು, ನಾನು ಒತ್ತುವುದು. ಪ್ರತಿ ಸಲವೂ ಹಸಿರು ಟಿಕ್ ಬಂದು ‘ಅಭಿನಂದನೆ’ ಎನ್ನುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಇಲಾಖೆ ನನ್ನನ್ನು ಅಷ್ಟು ಸಲ ಅಭಿನಂದಿಸಿರಲಿಲ್ಲ. ಉಬ್ಬಿಹೋದೆ. ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಕೂಡುವ ನನ್ನಂಥ ಇಬ್ಬರು ನಿವೃತ್ತರ ಫೋನಿಗೂ ಅದೇ ಗುರಾಣಿಯನ್ನು ಪುಕಟ ಹಾಕಿಕೊಟ್ಟು, ಅವರಿಂದ ಮಿರ್ಚಿ ಭಜಿ ತಿಂದೆ.

ಕಸ ಗುಡಿಸುವ ಆ್ಯಪ್ ಒಂದು ಮುಂಜಾನೆ ಫೋನಿನಲ್ಲಿ ರಾಶಿ ಕಸ ಬಿದ್ದಿದೆ ಎಂದಿತು. ‘ಹಳೆಯ ಧ್ವನಿ ಕಡತಗಳು’ ಎಂದೇನೋ ಸಾಲಿತ್ತು. ಓದಿದೆನೇ? ಓದಲಿಲ್ಲ. ಒತ್ತಿದೆ. ಅಭಿನಂದನೆ.

ನಾಲ್ಕು ದಿನ ಅವಳಿಗೂ ಗೊತ್ತಾಗಲಿಲ್ಲ. ಆ ದಿನಗಳಲ್ಲಿ ಹಿಟ್ಟಿನ ಗಿರಣಿ ಕೆಟ್ಟು, ಅವಳು ಜೋಳದ ಚೀಲ ಹೊರಿಸಿಕೊಂಡು ಶಹಾಬಾದಿಗೆ ಓಡಾಡುತ್ತಿದ್ದಳು. ಬುಧವಾರ ಮಧ್ಯಾಹ್ನ ಕೈ ತೊಳೆದು ಫೋನು ಹಿಡಿದು ಕೂತವಳು ಒಂದನ್ನು ಒತ್ತಿದಳು, ಇನ್ನೊಂದನ್ನು ಒತ್ತಿದಳು. ದನಿ ಬರಲಿಲ್ಲ. ಈ ಕಡತ ಈಗ ಫೋನಿನಲ್ಲಿ ಇಲ್ಲ, ಕಳಿಸಿದವರನ್ನೇ ಮತ್ತೆ ಕೇಳಿ ಎಂದು ಬರೆದು ತೋರಿಸಿತು. ಚಿತ್ತಾಪುರದವಳ ಹೆಸರಿನ ಕೆಳಗೂ ಒಂದು ಇತ್ತು, ಹದಿನಾಲ್ಕು ಸೆಕೆಂಡಿನದು, ಶನಿವಾರ ಬಂದದ್ದು. ಅದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

“ಫೋನಿಗಿ ಏನ್ ಮಾಡೀರಿ?” ಎಂದು ಕೇಳಿದಳು. ನಾನು ಕಸ ಗುಡಿಸಿದ್ದೇನೆ ಎಂದೆ. ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಗೆ ನಾಚಿಕೆಯೂ ಆಗಿತ್ತು.

ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ಈಗ ಮೊಬೈಲ್ ನೋಡುತ್ತಾರೆ. ನನ್ನ ಡ್ಯೂಟಿಯ ಗಡಿಯಾರಕ್ಕೆ ಹಿಂದೆ ಅವರೇ ವೈದ್ಯರು. ಇಬ್ಬರೂ ಅವರಲ್ಲಿಗೆ ಹೋದೆವು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಫೋನು ತೆಗೆದುಕೊಂಡು, ಮೂವರು ಅತಿಥಿಗಳನ್ನೂ ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿದರು. ನಾನು ‘ಅನುಮತಿಸಿ’ ಎಂದು ಒತ್ತಿದ್ದ ಜಾಲತಾಣವನ್ನು ಸೆಟ್ಟಿಂಗಿನಲ್ಲಿ ಹುಡುಕಿ ಅದರ ಬಾಯಿ ಮುಚ್ಚಿಸಿದರು. ಹೋದ ದನಿಗಳು ಮಾತ್ರ ಮರಳಿ ಬರುವುದಿಲ್ಲ ಎಂದರು.

“ಡ್ರೈವರ್ ಸಾಬ್, ಇದು ವೈರಸ್ ಅಲ್ರಿ, ಬರೇ ಜಾಹೀರಾತು,” ಎಂದರು. “ಹೊರಗಿನ ಪೇಜಿನಾವಂಗ ನಿಮ್ಮ ಫೋನಿನ ಒಳಗ ಏನದ ಅಂತ ಕಾಣಂಗಿಲ್ಲ. ಕಾಣ್ತದ ಅಂತ ಹೇಳಿದ್ರ ಸುಳ್ಳ ಹೇಳಾಕತ್ತಾನ ಅಂತ ತಿಳ್ಕೋರಿ. ಏನೂ ಒತ್ತಬ್ಯಾಡ್ರಿ. ಆ ಪೇಜ್ ಬಂದ್ ಮಾಡಿ ಸುಮ್ಮ ಕುಂದ್ರಿ.”

ನನಗೆ ಅರ್ಥವಾಗಲು ತಡವಾಯಿತು, ಹೆಂಡತಿಗೆ ಆಗಲೇ ಆಗಿತ್ತು. ನಮ್ಮ ಓಣಿಗೆ ಒಮ್ಮೆ ಬಂಗಾರ ತೊಳೆಯುವವನು ಬಂದಿದ್ದ. ಕರೆಯದೆ ಬಾಗಿಲಿಗೆ ಬಂದು, ಅಕ್ಕೋರೆ ನಿಮ್ಮ ತಾಳಿಗೆ ಹೊಲಸು ಹತ್ತಿದೆ, ಲಕಲಕ ಮಾಡಿಕೊಡುತ್ತೇನೆ ಎಂದಿದ್ದ. ಎದುರು ಮನೆಯವರ ಸರ ಲಕಲಕ ಆಯಿತು, ಅರ್ಧ ತೂಕವೂ ಆಯಿತು. ನನ್ನ ಹೆಂಡತಿ ಅವನ ಮುಖ ನೋಡಿಯೇ ಬಾಗಿಲು ಹಾಕಿಕೊಂಡಿದ್ದಳು.

“ಕರೀದೇ ಬಂದು ನಿಮ್ಮ ಮನ್ಯಾಗ ಹೊಲಸದ ಅಂದಾವಂಗ ಬಾಗಿಲ ತೆರೀಬಾರದು,” ಎಂದಳು ಸಾಹೇಬರಿಗೆ. “ಇವ್ರು ಚಾಪಿ ಹಾಸಿ ಕುಂದ್ರಿಸ್ಯಾರ.”

ಹಾದಿಯುದ್ದಕ್ಕೂ ಅವಳು ಹಳೆಯ ಗಿರಾಕಿಗಳ ಮಾತುಗಳನ್ನು ಬೆರಳೆಣಿಸಿ ನೆನೆದಳು. ಕೇಳಿದವೆಲ್ಲ ತಲೆಯಲ್ಲೇ ಇದ್ದವು. ಕೇಳದ ಒಂದೇ ಒಂದು ಉಳಿದಿತ್ತು. ಮನೆಗೆ ಬಂದವಳೇ ಚಿತ್ತಾಪುರದ ನಂಬರು ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟಳು. ನೀನೇ ಮಾತಾಡು ಎಂದೆ. ರೊಟ್ಟಿ ಮಾಡುವವಳ ಮಾತು ರೊಟ್ಟಿಯಂತೆ ಕಡಕ್ ಇರಬೇಕು, ಆ ಮಾತನ್ನು ಮೆತ್ತಗೆ ಮಾಡಿದವರೇ ಮಾತಾಡಲಿ ಎಂದಳು.

ಕೆಂಪು ಸಿಗ್ನಲ್ ದಾಟಿದ ಚಾಲಕ ಗಾಡಿ ನಿಲ್ಲಿಸಿ, ಯಾರೂ ಕೇಳುವ ಮೊದಲೇ ತಾನೇ ವರದಿ ಕೊಡಬೇಕು. ಆ ನಿಯಮವನ್ನು ನಾನು ಹೊಸಬರಿಗೆ ಎಷ್ಟು ಸಲ ಪಾಠ ಹೇಳಿದ್ದೆನೋ! ಆದರೆ ಆ ಕಡೆಯಿಂದ ದನಿ ಕೇಳಿದ ಕೂಡಲೇ ನನ್ನ ಬಾಯಿಂದ ಬಂದದ್ದು, ನಮ್ಮ ಫೋನು ಕೆಟ್ಟಿತ್ತು ಎಂಬ ಮಾತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೆವರು ಒರೆಸಿಕೊಂಡೆ.

“ಫೋನ್ ಕೆಟ್ಟಿಲ್ರಿ, ನಾನೇ ಕೆಡಿಸೀನಿ,” ಎಂದೆ. “ನೀವು ಕಳಿಸಿದ್ದು ಕೇಳೋಕಿಂತ ಮೊದಲೇ ಅಳಿಸಿಬಿಟ್ಟೀನಿ. ನಮ್ಮ ಮನಿಯಾಕಿದು ಏನೂ ತಪ್ಪಿಲ್ರಿ.”

ಫೋನು ಮನಿಯಾಕಿಗೆ ಕೊಡ್ರಿ ಎಂದಳು ಚಿತ್ತಾಪುರದವಳು. ನನ್ನೊಡನೆ ಇನ್ನು ಮಾತಾಡಿ ಉಪಯೋಗವಿಲ್ಲ ಎಂದು ಅವಳಿಗೂ ತಿಳಿದಂತಿತ್ತು. ಕುಬಸ ನಾಳಿದ್ದು ಶುಕ್ರವಾರ, ಮುನ್ನೂರು ರೊಟ್ಟಿ, ತೆಳುವಾಗಿ. ಕಡಕ್ ರೊಟ್ಟಿ ಬೇಯಿಸಿದರೆ ಮುಗಿಯಲಿಲ್ಲ, ಒಣಗಬೇಕು. ಇರುವುದು ಒಂದೂವರೆ ದಿನ. ನನ್ನ ಹೆಂಡತಿ ಎದುರಿನ ಒಲೆಯನ್ನೊಮ್ಮೆ, ಹಿಟ್ಟಿನ ಡಬ್ಬಿಯನ್ನೊಮ್ಮೆ ನೋಡಿ, ಆಗ್ತದ್ರಿ ಎಂದಳು.

ಆ ಒಂದೂವರೆ ದಿನ ನನಗೆ ಬಡ್ತಿಯೋ ಹಿಂಬಡ್ತಿಯೋ ಸಿಕ್ಕಿತು. ಮೂವರು ಹೆಂಗಸರು ಬಡಿಯುವುದು, ನಾನು ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒಣಗಿಸುವುದು. ಒತ್ತುವ ಚಟ ಇದ್ದವನಿಗೆ ಒತ್ತುವ ಕೆಲಸವೇ ಸಿಕ್ಕಿತೆಂದು ಓಣಿಯ ಹೆಂಗಸರು ನಕ್ಕರು. ಮೊದಲ ಹತ್ತು ಒಡೆದೆ, ಅವನ್ನು ನನಗೇ ಊಟಕ್ಕೆ ಹಾಕಿದರು. ಊರಿನ ಸಿಮೆಂಟು ಕಾರ್ಖಾನೆಯ ಧೂಳು ಕೂಡದಂತೆ ರೊಟ್ಟಿಗಳ ಮೇಲೆ ಧೋತರ ಹೊದಿಸಿ ಕಾವಲು ಕೂತೆ. ಈ ಕಾವಲು ಮಾತ್ರ ನೆಟ್ಟಗೆ ಮಾಡಿದೆ.

ಗುರುವಾರ ಮಧ್ಯಾಹ್ನ ಇನ್ನೂರು ದಾಟಿತ್ತು. ಅಡುಗೆಮನೆಯ ಗೂಡಿನಲ್ಲಿಟ್ಟ ಫೋನಿನಲ್ಲಿ ಇನ್ನಾವುದೋ ಜಾಲತಾಣದಿಂದ ಭಜನೆ ಹಚ್ಚಿದ್ದರು. ನಡುವೆ ಹಾಡು ನಿಂತು ಪರದೆ ಕೆಂಪಾಯಿತು. ಫೋನು ಅಪಾಯದಲ್ಲಿದೆಯಂತೆ, ಅರವತ್ತು ಸೆಕೆಂಡಂತೆ. ಸಾಹೇಬರ ಪಾಠವೆಲ್ಲ ತಲೆಯಲ್ಲಿತ್ತು, ಆದರೂ ನನ್ನ ಕೈ ತಾನಾಗಿ ಎದ್ದು ಗೂಡಿನ ಕಡೆ ಹೊರಟಿತು.

“ಲಾಲ್,” ಎಂದಳು ಹೆಂಡತಿ, ಹಿಟ್ಟಿನಿಂದ ತಲೆಯೆತ್ತದೆ.

“ಲಾಲ್,” ಎಂದೆ. ಕೂಗಿಗೆ ಉತ್ತರ ಕೊಡದೆ ಇರುವುದು ನನ್ನ ಮೈಗೆ ಗೊತ್ತಿಲ್ಲ. ಹಾಗೆ ಹೇಳಿದ ಮೇಲೆಯೇ ಅದು ಕೆಂಪು ಎಂದು ನನ್ನ ಕಣ್ಣಿಗೆ ಕಂಡಿತು, ಕೈ ನಿಂತಿತು. ಓಣಿಯ ಹೆಂಗಸೊಬ್ಬಳು ಮೊಣಕೈಯಿಂದ ಆ ಪುಟ ಮುಚ್ಚಿದಳು.

ಈ ಕೂಗನ್ನು ನೀನು ಯಾವಾಗ ಕಲಿತೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

“ರಾತ್ರಿ ಡ್ಯೂಟಿ ಮಾಡಿ ಬಂದು ಹಗಲೆಲ್ಲ ಮಲಗ್ತಿದ್ರಿ. ನಿದ್ದ್ಯಾಗ ಪೀಲಾ, ಲಾಲ್ ಅಂತ ಒದರ್ತಿದ್ರಿ,” ಎಂದಳು. “ಯಾರೂ ತಿರುಗಿ ಅನಲಿಲ್ಲಂದ್ರ ಎದ್ದು ಕುಂದರ್ತಿದ್ರಿ. ನಾ ಇಲ್ಲಿಂದ ರೊಟ್ಟಿ ಬಡೀತಾ ಬಡೀತಾ ಲಾಲ್ ಅಂದ್ರ ಮಗ್ಗಲ ಹೊಳ್ಳಿಸಿ ಮಲಗ್ತಿದ್ರಿ.”

ಮೂವತ್ತೊಂದು ವರ್ಷ. ನನಗೆ ಗೊತ್ತೇ ಇರಲಿಲ್ಲ. ಒಂದು ಕೆಂಪನ್ನೂ ದಾಟಲಿಲ್ಲ ಎಂದು ಊರೆಲ್ಲ ಸಾರಿದವನು, ಯಾರು ಕೊಟ್ಟ ನಿದ್ದೆಯ ಮೇಲೆ ಕಣ್ಣು ತೆರೆದು ಗಾಡಿ ಓಡಿಸಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

“ಅಲ್ಲಿ ನೋಡ್ರಿ, ರೊಟ್ಟಿ ಹೊತ್ತಾಕತ್ತದ,” ಎಂದಳು. ನಾನು ರೊಟ್ಟಿ ತಿರುವಿ ಹಾಕಿದೆ.