ಕಾಯಂ ನೌಕರಿ ಬಿಟ್ಟ ಸೊಸೆ

ಮಲ್ಲಿಕಾಂಬಳನ್ನು ಕಡೂರಿನ ಆ ಮನೆಗೆ ತಂದುಕೊಂಡದ್ದೇ ಅವಳ ಸರ್ಕಾರಿ ನೌಕರಿ ನೋಡಿ. ಅತ್ತೆ ಗುರುಶಾಂತಮ್ಮ ಇದನ್ನೇನೂ ಮುಚ್ಚಿಟ್ಟವರಲ್ಲ. ಅಜ್ಜಂಪುರದಲ್ಲಿ ದವಸದ ಅಂಗಡಿ ಇಟ್ಟಿದ್ದ ಬೆನಕಪ್ಪನ ಮಗಳು ಬಣ್ಣ ಕಡಿಮೆ, ಮಾತೂ ಕಡಿಮೆ, ಆದರೆ ಕಾಯಂ ಟೈಪಿಸ್ಟು ಎಂದು ಬೀಗರ ಎದುರಿಗೇ ಹೇಳಿದ್ದರು. ಗಂಡ ತೀರ್ಥಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾದದ್ದು ಎಪ್ಪತ್ತೈದರಲ್ಲಿ.

ಕೆಲವು ವರ್ಷ ಅವರು ಅಂದುಕೊಂಡ ಹಾಗೇ ನಡೆಯಿತು. ಬೆಳಿಗ್ಗೆ ಅಡುಗೆ ಮುಗಿಸಿ ಕಚೇರಿ, ಕತ್ತಲಾಗುವ ಹೊತ್ತಿಗೆ ಮನೆ, ಮತ್ತೆ ಒಲೆ. ಮಕ್ಕಳಾಗಿರಲಿಲ್ಲ. ಒಮ್ಮೆ ಜ್ವರ ಬಂದು ರಜೆ ಹಾಕಿದಳು. ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಹಿತ್ತಿಲ ನುಗ್ಗೆಮರದ ಕೆಳಗೆ ಸುಮ್ಮನೆ ಕೂತಿದ್ದಾಗ, ಹೀಗೆ ಕೂತು ಎಷ್ಟು ಕಾಲವಾಯಿತೆಂದು ಯೋಚಿಸಿದಳು, ನೆನಪಾಗಲಿಲ್ಲ. ಮುಂದಿನ ತಿಂಗಳು ಯಾರನ್ನೂ ಕೇಳದೆ ರಾಜೀನಾಮೆ ಕೊಟ್ಟಳು. ಬಸ್ ಸ್ಟ್ಯಾಂಡ್ ಹತ್ತಿರ ರಂಗಯ್ಯ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಗಿನ ಪಾಠ ಮಾತ್ರ ಒಪ್ಪಿಕೊಂಡಳು. ವಕೀಲರ ಕಾಗದ ಬಂದರೆ ಟೈಪು ಮಾಡುವುದು, ಬೇಡವೆನಿಸಿದರೆ ಬಿಡುವುದು.

ಮಧ್ಯಾಹ್ನವೆಲ್ಲ ಏನು ಮಾಡುತ್ತೀಯ ಎಂದು ತೀರ್ಥಪ್ಪ ಕೇಳಿದ. ನನಗೆ ಏನು ಬೇಕೋ ಅದು, ಎಂದಳು. ಕಾಯಿಲೆ ಎಂದಿದ್ದರೂ, ದೇವರ ಹರಕೆ ಎಂದಿದ್ದರೂ ಅವನು ತಡೆದುಕೊಳ್ಳುತ್ತಿದ್ದನೇನೋ. ಈ ಉತ್ತರವನ್ನು ಅವನು ಕ್ಷಮಿಸಲಿಲ್ಲ.

ಮರುದಿನ ಅವಳ ಕಚೇರಿಗೆ ಹೋಗಿ, ಜ್ವರ ಬಂದಾಗಿನಿಂದ ಹೆಂಡತಿಯ ತಲೆ ಸರಿಯಿಲ್ಲ, ರಾಜೀನಾಮೆ ಒಪ್ಪಬೇಡಿ ಎಂದು ಸಾಹೇಬರಿಗೆ ಹೇಳಿದ. ಸಾಹೇಬರು ಕರುಣೆಯ ಮನುಷ್ಯ. ಅವಳನ್ನು ಕರೆಸಿ, ಯಜಮಾನರು ಎಲ್ಲ ಹೇಳಿದ್ದಾರೆ, ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಂಡು ಬಾರಮ್ಮ ಎಂದರು. ಪಕ್ಕದ ಕುರ್ಚಿಯಲ್ಲಿ ತೀರ್ಥಪ್ಪ ಕೂತಿದ್ದ. ಹೊರಗೆ ಟೈಪು ಮಾಡುವ ಸದ್ದು ನಿಂತಿತ್ತು.

"ನನ್ ತಲೆ ನೆಟ್ಟಗೇ ಐತೆ ಸಾರ್," ಎಂದಳು ಮಲ್ಲಿಕಾಂಬ. "ಕೆಲ್ಸ ಬ್ಯಾಡ ಅಂತ ಬರ್ದೋಳು ನಾನು, ಇವ್ರಲ್ಲ."

ಮನೆಗೆ ಬಂದ ಮೇಲೆ ಅವನು ತಾಯಿಯ ಮುಂದೆ ಹೇಳಿದ: "ನಾಲ್ಕ್ ಜನದ್ ಮುಂದೆ ನನ್ ಮಾನ ಕಳೆದ್ಲು. ಇನ್ಮೇಲೆ ನಾನು ಇವ್ಳ ಕೂಡೆ ಮಾತಾಡಲ್ಲ."

ಮಾತು ಉಳಿಸಿಕೊಂಡ. ಉಪ್ಪು ಬೇಕಾದರೂ ತಾಯಿಗೆ ಹೇಳಿ ಹೇಳಿಸುತ್ತಿದ್ದ. ಗುರುಶಾಂತಮ್ಮ ಉಗ್ರಾಣಕ್ಕೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆನಕಪ್ಪ ಅಜ್ಜಂಪುರದಿಂದ ರೈಲು ಹತ್ತಿ ಬಂದ. ಮಗಳ ಪರವಾಗಿ ಒಂದು ಮಾತೂ ಆಡದೆ ಅಳಿಯನ ಕೈ ಹಿಡಿದುಕೊಂಡು ತಪ್ಪಾಯಿತು ಎಂದ. ನೌಕರಿಗೆ ವಾಪಸ್ಸು ಸೇರಿದ ಮೇಲೆಯೇ ತವರಿನ ಹೊಸಿಲು ತುಳಿ ಎಂದು ಹೇಳಿ ಹೋದ.

ತೀರ್ಥಪ್ಪನ ಜೊತೆಯ ಮೇಷ್ಟ್ರುಗಳು ತಮ್ಮ ಹೆಣ್ಣುಮಕ್ಕಳನ್ನು ರಂಗಯ್ಯನ ಇನ್‌ಸ್ಟಿಟ್ಯೂಟಿನಿಂದ ಬಿಡಿಸಿದರು. ರಂಗಯ್ಯ ಕೈ ಹಿಸುಕಿಕೊಳ್ಳುತ್ತಾ ಅವಳಿಗೆ ಇನ್ನು ಬರಬೇಡಿ ಎಂದ. ಅವಳು ತರೀಕೆರೆಯಲ್ಲಿ ಇನ್ನೊಂದು ಇನ್‌ಸ್ಟಿಟ್ಯೂಟು ಹುಡುಕಿಕೊಂಡಳು. ವಾರದಲ್ಲಿ ಮೂರು ದಿನ ಬೆಳಗಿನ ಬಸ್ಸು. ಕಡೂರಿನಲ್ಲಿ ಉಳಿದ ದಿನ ಮಧ್ಯಾಹ್ನ ಮಲಗುತ್ತಿದ್ದಳು, ಪುಸ್ತಕ ಓದುತ್ತಿದ್ದಳು. ಆಮೇಲೆ ಹಳೆಯ ಲೇಡೀಸ್ ಸೈಕಲ್ಲು ಕೊಂಡು, ಬಿದ್ದು ಮೊಣಕಾಲು ತರಚಿಕೊಂಡು ಕಲಿತಳು. ಎಮ್ಮೆದೊಡ್ಡಿಯ ದಾರಿ ಹಿಡಿದು ಹೋಗಿ, ಕಾವಲಿನಲ್ಲಿ ಮೇಯುವ ದನ ನೋಡುತ್ತಾ ಕೂತು ಬರುತ್ತಿದ್ದಳು. ಹಾದಿಯಲ್ಲಿ ಗಂಡನ ಶಾಲೆಯ ಹುಡುಗರು ಕೂಗಿ ನಗುತ್ತಿದ್ದರು. ಅವಳು ಬೆಲ್ಲು ಹೊಡೆದು ಮುಂದೆ ಹೋಗುತ್ತಿದ್ದಳು.

ಎಂಬತ್ತೈದರಲ್ಲಿ ಗುರುಶಾಂತಮ್ಮ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ತೀರ್ಥಪ್ಪನ ಅಕ್ಕ ಪಂಕಜಾಕ್ಷಿ ಸಖರಾಯಪಟ್ಟಣದಿಂದ ಬಂದಳು. ಮನೆಯಲ್ಲಿ ಬಿಡುವಾಗಿರುವವಳು ಒಬ್ಬಳೇ ಎಂದು ಎಲ್ಲರೂ ಸೊಸೆಯ ಕಡೆ ತಿರುಗಿದರು. ಬೆಳಗಿನ ಸ್ನಾನ, ರಾತ್ರಿಯ ಊಟ ತನ್ನದು, ಮಧ್ಯಾಹ್ನ ಮಾತ್ರ ಆಗುವುದಿಲ್ಲ ಎಂದಳು ಮಲ್ಲಿಕಾಂಬ.

"ಮಧ್ಯಾಹ್ನ ನೀನೇನ್ ಕಡಿದು ಕಟ್ಟೆ ಹಾಕ್ತೀಯೇ?" ಎಂದಳು ಪಂಕಜಾಕ್ಷಿ.

"ಏನಿಲ್ಲ. ಅದ್ಕೇ ಆಗಲ್ಲ ಅಂದಿದ್ದು. ನೀವಿರಿ, ಇಲ್ಲಾ ನಿಮ್ ತಮ್ಮ ರಜಾ ಹಾಕ್ಲಿ."

ಇಬ್ಬರೂ ಒಪ್ಪಲಿಲ್ಲ. ಮಧ್ಯಾಹ್ನಕ್ಕೆ ಓಬಮ್ಮ ಎಂಬ ಹೆಂಗಸನ್ನು ಗೊತ್ತುಮಾಡಿದರು. ಮಲ್ಲಿಕಾಂಬ ಬೆಳಿಗ್ಗೆ ಮೈ ಒರೆಸುವಾಗ ಗುರುಶಾಂತಮ್ಮ ಗೋಡೆ ಕಡೆ ಮುಖ ಮಾಡಿಕೊಳ್ಳುತ್ತಿದ್ದರು. ಸಾಯುವತನಕ ಹಾಗೇ ಇದ್ದರು. ಅವಳಿಗೂ ಆ ಮುಖ ನೋಡುವ ಆಸೆಯೇನೂ ಇರಲಿಲ್ಲ.

ತಾಯಿಯ ಕಾರ್ಯ ಮುಗಿದ ಮೇಲೆ ತೀರ್ಥಪ್ಪ ಬೇಕೆಂದೇ ಅಜ್ಜಂಪುರಕ್ಕೆ ವರ್ಗ ಹಾಕಿಸಿಕೊಂಡ. ಕಡೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಸೀದಾ ಮಾವನ ಮನೆಗೆ ಹೋಗಿ ಇಳಿದ. ಮಗಳಿಗೆ ಮುಚ್ಚಿದ ಬಾಗಿಲನ್ನು ಬೆನಕಪ್ಪ ಅಳಿಯನಿಗೆ ತೆರೆದು, ಅಟ್ಟದ ಕೋಣೆ ಬಿಟ್ಟುಕೊಟ್ಟು, ಎರಡು ಹೊತ್ತೂ ಎಲೆ ಹಾಕಿಸಿದ.

ಮಲ್ಲಿಕಾಂಬ ತರೀಕೆರೆಯಲ್ಲಿ ಒಂಟಿ ಕೋಣೆ ಹಿಡಿದಳು. ಪಾಠ ಹೆಚ್ಚು ತೆಗೆದುಕೊಳ್ಳಲಿಲ್ಲ. ಸಾರು ಮಾಡಿದ ದಿನ ಸಾರು, ಇಲ್ಲದ ದಿನ ಮಜ್ಜಿಗೆ. ಓಣಿಯ ಹೆಂಗಸರು ಯಜಮಾನರು ಎಲ್ಲಿ ಎಂದು ಕೇಳಿದರೆ, ಮುಖದಲ್ಲಿ ನಗು ತರದೆ ಹೇಳುತ್ತಿದ್ದಳು:

"ನನ್ ತವರುಮನೇಲವ್ರೆ."